ಅಜ್ಜಿಯ ಬಿಳಿ ನಾಲಿಗೆ

"ಅಜ್ಜೀ, ಸೆರಗು ತೆಗಿ. ಒಂದ್ಸಲ ನೋಡ್ತೀನಿ."

ಮೊಮ್ಮಗಳು ವರಲಕ್ಷ್ಮಿ ಕೇಳಿದ್ದಕ್ಕೆ ಅಕ್ಕಯ್ಯಮ್ಮ ಬೇಡವೆಂದು ತಲೆಯಾಡಿಸಿದಳು. ನಾಲ್ಕು ದಿನದಿಂದ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದೇ ಓಡಾಡುತ್ತಿದ್ದಳು. ಮುದ್ದೆ ಮುಟ್ಟುತ್ತಿರಲಿಲ್ಲ. ಮಾತಾಡಿದರೆ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಮನೆಯಲ್ಲಿ ಇಬ್ಬರೇ. ವರಲಕ್ಷ್ಮಿಯ ಅಮ್ಮ ಚಿಕ್ಕಮ್ಮನ ಬಾಣಂತನಕ್ಕೆಂದು ಕ್ಯಾಸಂಬಳ್ಳಿಗೆ ಹೋಗಿದ್ದಳು. ಅಪ್ಪ ಕೋದಂಡಪ್ಪ ಗಣಿಗೆ ಇಳಿದಿದ್ದ.

ಧಡ್!

ನೆಲದಡಿ ಎಲ್ಲೋ ಬಂಡೆ ಸಿಡಿಯಿತು. ಗೂಡಿನ ತಟ್ಟೆಗಳು ಗಲಗಲ ಅಲುಗಿದವು. ಚಿನ್ನದ ಗಣಿಯ ಊರು ಕೋರಮಂಡಲ್‌ನಲ್ಲಿ ಇದು ಹೊಸದೇನಲ್ಲ. ಆದರೆ ಅಜ್ಜಿ ಬೆಚ್ಚಿಬಿದ್ದಳು. ಸೆರಗು ಜಾರಿತು.

ವರಲಕ್ಷ್ಮಿ ನೋಡಿಬಿಟ್ಟಳು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಬೆಳ್ಳಗೆ ಏನೋ ಬೆಳೆದಿತ್ತು. ಹೆಪ್ಪುಗಟ್ಟಿದ ಮೊಸರಿನ ಹಾಗೆ.

"ನಿಮ್ ತಾತನ ನಾಲಿಗೇನೂ ಇಂಗೇ ಬೆಳ್ಳಗಾಗಿತ್ತು," ಅಜ್ಜಿ ಪಿಸುಗುಟ್ಟಿದಳು. "ಎಂಟೇ ದಿನ. ಒಂಟೋದ್ರು. ಈಗ ನನ್ನ ಕರೀತಾವ್ರೆ. ಯಾರ್ಗೂ ಯೋಳ್ಬೇಡ ಅಮ್ಮಣ್ಣಿ."

ವರಲಕ್ಷ್ಮಿ ಒದ್ದೆ ಬಟ್ಟೆ ತಂದು ಒರೆಸಿದಳು. ಬಿಳುಪು ಸ್ವಲ್ಪ ಕಿತ್ತುಬಂತು. ಅದರಡಿ ಕೆಂಪಗಿತ್ತು, ರಕ್ತ ಜಿನುಗಿತು. ಅಜ್ಜಿ "ಹಾ" ಎಂದು ಮುಖ ತಿರುಗಿಸಿಕೊಂಡಳು.

ಮಧ್ಯಾಹ್ನ ಅಜ್ಜಿ ಕಿಟಕಿ ಮುಚ್ಚಿ ತಾತನ ಫೋಟೋ ಎದುರು ಕೂತಳು. ವರಲಕ್ಷ್ಮಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ಇರು, ಬತ್ತೀನಿ. ಅಷ್ಟು ಅವಸರ ಏನು?"

ಆಮೇಲೆ ಅಜ್ಜಿ ಫೋಟೋದತ್ತ ಕಿವಿಗೊಟ್ಟಳು. ಯಾರೋ ಉತ್ತರ ಕೊಡುತ್ತಿರುವಂತೆ ತಲೆದೂಗಿದಳು. ವರಲಕ್ಷ್ಮಿ ಬಾಗಿಲಿನಿಂದ ಹಿಂದೆ ಸರಿದಳು. ಅವಳು ಹೊರಗೋಡಿ ಬೀದಿಯ ತುದಿಯಲ್ಲಿ ನಿಂತಳು. ಶಿಫ್ಟ್ ಮುಗಿಸಿ ಅಪ್ಪ ಬಂದ ತಕ್ಷಣ ಎಲ್ಲ ಹೇಳಿಬಿಟ್ಟಳು.

ಮರುದಿನ ಬೆಳಿಗ್ಗೆ ಮೂವರೂ ರೈಲು ಹತ್ತಿ ಬಂಗಾರಪೇಟೆಗೆ ಹೋದರು. ದಾರಿಯುದ್ದಕ್ಕೂ ಅಜ್ಜಿ ಮೊಮ್ಮಗಳ ಜತೆ ಮಾತಾಡಲಿಲ್ಲ.

ಲೇಡಿ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು.

"ಇದು ಫಂಗಸ್ ಅಜ್ಜಿ, ಒಂಥರಾ ಬೂಷ್ಟು. ಸ್ವಲ್ಪಸ್ವಲ್ಪ ಎಲ್ಲರ ಬಾಯಲ್ಲೂ ಇರುತ್ತೆ. ಸಂದು ಸಿಕ್ಕಿದ್ರೆ ಬೆಳ್ಕೊಂಡ್ಬಿಡುತ್ತೆ."

"ಇವಳ ತಾತನಿಗೂ ಇಂಗೇ..." ಅಜ್ಜಿ ಮೊಮ್ಮಗಳತ್ತ ಕೈ ತೋರಿದಳು.

"ಅವರಿಗೇನಾಗಿತ್ತು?"

"ಗಣಿ ಧೂಳು. ಎದೆ ಕಾಯಿಲೆ," ಅಂದ ಅಪ್ಪ.

"ಮೈ ಸೋತಾಗ್ಲೂ ಇದು ಬರುತ್ತೆ. ಅವರನ್ನ ಕರ್ಕೊಂಡು ಹೋಗಿದ್ದು ಎದೆ ಕಾಯಿಲೆ, ಇದಲ್ಲ." ಡಾಕ್ಟರ್ ಕೈ ಚಾಚಿದರು. "ಎಲ್ಲಿ, ಹಲ್ಲಿನ ಸೆಟ್ ತೆಗೀರಿ."

ಅಜ್ಜಿ ತೆಗೆಯಲಿಲ್ಲ. "ಮಗೂನ ಆಚೆ ಕಳಿಸಿ," ಅಂದಳು.

"ಯಾಕಜ್ಜಿ? ರಾತ್ರಿ ಹೊತ್ತು ತೆಗ್ದಿಡ್ತೀರಿ ತಾನೆ?"

"ಇಲ್ಲಮ್ಮಾ. ಯುಗಾದಿಯಿಂದ ತೆಗ್ದಿಲ್ಲ. ಅವತ್ತು ತೆಗ್ದಾಗ ಇವಳು ದೆವ್ವ ದೆವ್ವ ಅಂತ ಕಿರುಚ್ಕೊಂಡು ಓಡೋದ್ಳು. ವಾರ ನನ್ನ ಪಕ್ಕ ಮಲಗ್ಲಿಲ್ಲ."

ವರಲಕ್ಷ್ಮಿ ತಲೆ ತಗ್ಗಿಸಿದಳು. ಲೋಟದ ನೀರಿನಲ್ಲಿ ಹಲ್ಕಿರಿದಿದ್ದ ಹಲ್ಲುಗಳು, ಕೆನ್ನೆ ಗುಳಿಬಿದ್ದ ಅಜ್ಜಿಯ ಮುಖ, ಎಲ್ಲ ನೆನಪಾಯಿತು. ಯುಗಾದಿ ಆಗಿ ಐದು ತಿಂಗಳಾಗಿತ್ತು.

ಡಾಕ್ಟರ್ ಬಾಯಿಗೆ ಹಚ್ಚಲು ನೇರಳೆ ಬಣ್ಣದ ಔಷಧ ಕೊಟ್ಟರು. ಶುಗರ್ ಟೆಸ್ಟ್‌ಗೂ ಬರೆದುಕೊಟ್ಟರು. "ಹೀಗೆ ಸೆಟ್ ತೆಗೀದೇ ಇದ್ರೂ ಅದರಡಿ ಬೂಷ್ಟು ಬೆಳೆಯುತ್ತೆ. ದಿನಾ ಸೆಟ್ ಬ್ರಷ್‌ನಲ್ಲಿ ಉಜ್ಜಿ. ಮಲಗೋವಾಗ ತೆಗೆದು ನೀರಲ್ಲಿಡಿ. ಬಾಯಿಗೂ ರೆಸ್ಟ್ ಬೇಕಲ್ವಾ?" ಅಂದರು.

ಆ ಸಂಜೆ ಊಟವಾದ ಮೇಲೆ ಅಜ್ಜಿ ಗೋಡೆಯ ಕಡೆ ತಿರುಗಿ ಕೂತು ಹಲ್ಲಿನ ಸೆಟ್ ತೆಗೆದಳು.

"ಈ ಕಡೆ ತಿರುಗಜ್ಜಿ."

"ಬೇಡ ಕಣಮ್ಮಣ್ಣಿ. ಎದುರ್ಕೊಂತೀಯ."

"ತಿರುಗು."

ಅಜ್ಜಿ ನಿಧಾನವಾಗಿ ತಿರುಗಿದಳು. ಕೆನ್ನೆ ಒಳಗೆ ಹೋಗಿತ್ತು. ತುಟಿ, ನಾಲಿಗೆ ಎಲ್ಲ ನೇರಳೆ. ವರಲಕ್ಷ್ಮಿಗೆ ಭಯ ಆಗಲಿಲ್ಲವೆಂದಲ್ಲ. ಆದರೂ ಅವಳು ಕಣ್ಣು ಮುಚ್ಚದೆ ಅಂಗೈ ಒಡ್ಡಿದಳು.

ಅಜ್ಜಿ ಹಲ್ಲುಗಳನ್ನು ಅದರ ಮೇಲಿಟ್ಟಳು. ಅವು ಬೆಚ್ಚಗಿದ್ದವು.