ದಂಡನಾಯಕನ ಹತ್ತಿಯ ಕವಚ

ಯುದ್ಧದ ಮಾತು ಎದ್ದಾಗಲೆಲ್ಲ ಮಾರುಗೋಡು ರಾಜಧಾನಿಯಲ್ಲಿ ಹೊಲಿಗೆಯವರಾದ ಚಿಪ್ಪಿಗರ ಬೀದಿಯಲ್ಲಿ ನಡೆದುಹೋದವರು ವಯಸ್ಸಿಗೆ ಮುಂಚೆಯೇ ನರೆತ ತಲೆಯೊಡನೆ ಹೊರಬರುತ್ತಿದ್ದರು. ಸಾಲು ಜಗುಲಿಗಳ ಮೇಲೆ ಹತ್ತಿ ಹಿಂಜುವ ಬಿಲ್ಲುಗಳು ಬೆಳಗಿನಿಂದಲೇ ಝೇಂಕರಿಸುತ್ತಿದ್ದವು; ಹಾರಿದ ಎಳೆಗಳು ದೇವಾಲಯದ ನಂದಾದೀಪದ ಮೇಲೂ ಮೊಸರಿನವಳ ಗಡಿಗೆಯ ಮೇಲೂ ಭೇದವಿಲ್ಲದೆ ಇಳಿಯುತ್ತಿದ್ದವು. ಆ ರಾಜ್ಯದ ವೀರರು ಕಬ್ಬಿಣ ತೊಡುತ್ತಿರಲಿಲ್ಲ. ಹತ್ತಿಯನ್ನು ಪದರಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿದ ದಪ್ಪ ಅಂಗಿಯೇ ಅವರ ಕವಚ. ಬಿಸಿಲಲ್ಲಿ ಅದು ಮೈಯನ್ನು ಬೇಯಿಸುತ್ತಿತ್ತು, ಮಳೆಯಲ್ಲಿ ಭಾರವಾಗುತ್ತಿತ್ತು, ಆದರೆ ಬಾಣವನ್ನು ತಡೆಯುತ್ತಿತ್ತು. ವೀರರು ಈ ಕೊನೆಯ ಗುಣಕ್ಕಾಗಿ ಉಳಿದವನ್ನು ಸಹಿಸುತ್ತಿದ್ದರು.

ಅರಮನೆಯ ಹೊಲಿಗೆಗೆಲ್ಲ ಹಿರಿಯನಾದವನು ಸಂಕೋಜ. ಅವನಿಗೆ ಶತ್ರುದೇಶದ ಮೇಲೆ ಅಂಥ ದ್ವೇಷವೇನೂ ಇರಲಿಲ್ಲ. ಅವನ ದ್ವೇಷವೆಲ್ಲ ಎದುರು ಜಗುಲಿಗೇ ಸಾಲುತ್ತಿರಲಿಲ್ಲ. ಅಲ್ಲಿ ಮಾಚಲೆ ಎಂಬ ತರುಣಿ ಕುಳಿತು ಹೊಲಿಯುತ್ತಿದ್ದಳು. ಅವಳು ಹೊಲಿದ ಕೌದಿ ಹೊದ್ದ ಮೇಲೆ ತನಗೆ ಕನಸೇ ಬೀಳುತ್ತಿಲ್ಲವೆಂದು ಪಟ್ಟದರಾಣಿ ಹೇಳಿದ್ದಳು. ಅಂದಿನಿಂದ ಸಂಕೋಜನಿಗೆ ನಿದ್ದೆಯೇ ಬಂದಿರಲಿಲ್ಲ. ಈಗ ದಂಡನಾಯಕ ಬೀಚರಸನ ಕವಚದ ಕೆಲಸವೂ ಅವಳ ಪಾಲಾಗಿತ್ತು.

ಹೊಟ್ಟೆಕಿಚ್ಚು ಚಿಪ್ಪಿಗರ ಬೀದಿಗೆ ಮಾತ್ರ ಸೀಮಿತವಾಗಿರಲಿಲ್ಲ. ಅರಮನೆಯಲ್ಲಿ ಅದಕ್ಕೆ ರಾಜನೀತಿಯೆಂದು ಹೆಸರು. ಮಂತ್ರಿ ನಾಕಿಮಯ್ಯನು ಒಂದು ಮಧ್ಯಾಹ್ನ ಸಂಕೋಜನನ್ನು ಕರೆಸಿಕೊಂಡನು.

"ಅರಸರು ಈಚೆಗೆ ನನ್ನ ಮಾತನ್ನು ಬೀಚರಸನ ಮುಖ ನೋಡಿಕೊಂಡೇ ಕೇಳುತ್ತಾರೆ. ನಿನಗೆ ಈ ಸಂಕಟ ಅರ್ಥವಾಗುತ್ತದೆಯೇ?"

"ಚೆನ್ನಾಗಿ ಅರ್ಥವಾಗುತ್ತದೆ, ಸ್ವಾಮಿ."

"ಆ ಕವಚ ಸೇನೆಗೆ ಹೋಗುವ ಮುನ್ನ ಪರೀಕ್ಷೆಗೆ ನಿನ್ನ ಕೈಗೆ ಬರುತ್ತದಲ್ಲ. ಎಡಗಡೆಯ ಎದೆಭಾಗವನ್ನು ಬಿಚ್ಚಿ, ಹತ್ತಿಯನ್ನು ತೆಗೆದು, ಮೇಲೆ ಮಾತ್ರ ಹೊಲಿದುಬಿಡು. ಏನಾದರೂ ಆದರೆ ಹೊಲಿದವಳ ತಪ್ಪು. ಆಮೇಲೆ ಆ ಹುಡುಗಿ ಈ ಊರಿನಲ್ಲಿ ಇರುವುದಿಲ್ಲ."

ಹೊನ್ನಿನ ಆಸೆ ತೋರಿಸಿದ್ದರೆ ಸಂಕೋಜ ಬಹುಶಃ ಕೋಪಗೊಳ್ಳುತ್ತಿದ್ದ. ಕೊನೆಯ ವಾಕ್ಯವನ್ನು ಕೇಳಿ ಕೈಮುಗಿದನು.

ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟದ ಕೆಲಸ. ನೂಲನ್ನು ಹಿಡಿದೆಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಅವಸರಪಟ್ಟರೆ ಹರಿಯುತ್ತದೆ. ಅಲ್ಲಲ್ಲಿ ಕತ್ತರಿಸಿ, ಹಿಂಬದಿಯಿಂದ ನೂಲನ್ನು ತುಂಡುತುಂಡಾಗಿ ಎತ್ತಿ, ಸೂಜಿಯ ಹಳೆಯ ತೂತುಗಳ ಮೇಲೆ ಒದ್ದೆ ಬೆರಳಾಡಿಸಿ ಮುಚ್ಚಬೇಕು. ಅದಕ್ಕಿಂತ ದೊಡ್ಡ ಅಡ್ಡಿಯೊಂದಿತ್ತು. ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಬಿಚ್ಚುವುದು ಆ ಬೀದಿಯಲ್ಲಿ ನಿಷಿದ್ಧ. ತಪ್ಪಿದ್ದರೆ ಹೊಲಿದವರನ್ನೇ ಕರೆದು ಬಿಚ್ಚಿಸಬೇಕು. ಸಂಕೋಜ ಬಾಗಿಲಿಗೆ ಅಗುಳಿ ಹಾಕಿ ಕುಳಿತನು.

ಎದೆಭಾಗ ತೆರೆದಾಗ ಅವನ ಮುಖ ಅರಳಿತು. ದಂಡಯಾತ್ರೆಯ ಮುಹೂರ್ತ ಗೊತ್ತಾದ ದಿನಕ್ಕಿಂತ ಮುಂಚೆಯೇ ಬಂದಿದ್ದರಿಂದ ಮಾಚಲೆ ಅವಸರದಲ್ಲಿ ಹತ್ತಿಯ ಪದರಗಳನ್ನೆಲ್ಲ ಒಂದೇ ದಿಕ್ಕಿಗೆ ಹಾಸಿದ್ದಳು. ಒಂದು ಉದ್ದ, ಒಂದು ಅಡ್ಡ ಹಾಸದಿದ್ದರೆ ಕುದುರೆಯ ಕುಲುಕಾಟಕ್ಕೆ ಹತ್ತಿಯೆಲ್ಲ ಜಾರಿ ಸೊಂಟದಲ್ಲಿ ಗಂಟಾಗುತ್ತದೆ, ಎದೆಗೆ ಬರಿಯ ಬಟ್ಟೆ ಉಳಿಯುತ್ತದೆ. ಮಂತ್ರಿಯ ಕೆಲಸವನ್ನು ಅವಳೇ ಮುಗಿಸಿದ್ದಳು. ಸಂಕೋಜ ಮತ್ತೆ ಮುಚ್ಚಿಟ್ಟರೆ ಸಾಕಿತ್ತು.

ಆದರೆ ಈ ಅಪೂರ್ವ ತಪ್ಪನ್ನು ಯಾರಿಗೆ ತೋರಿಸುವುದು? ರಾಣಿಗೆ ತೋರಿಸಬೇಕೆಂದು ಅವನ ಜೀವ ಹಾತೊರೆಯಿತು. ಬಿಚ್ಚಿದವರಾರು ಎಂದು ರಾಣಿ ಕೇಳುವಳಲ್ಲ. ತಪ್ಪನ್ನು ಕಂಡೂ ಸುಮ್ಮನಿದ್ದರೆ ತನಗೆ ಅದು ತಿಳಿಯದಂತೆಯೇ ಆಗುತ್ತದೆ. "ಹೀಗಲ್ಲ ಕಣೇ, ಹೀಗೆ," ಎಂದು ಅಲ್ಲಿಲ್ಲದ ಮಾಚಲೆಗೆ ತೋರಿಸುವವನಂತೆ ಅವನು ಒಂದು ಪದರವನ್ನು ಅಡ್ಡ ತಿರುಗಿಸಿದನು. ಆಮೇಲೆ ಇನ್ನೊಂದನ್ನು. ಬಲಭಾಗವನ್ನೂ ಬಿಚ್ಚಿದನು, ಬೆನ್ನನ್ನೂ ಬಿಡಲಿಲ್ಲ. ಕವಚವನ್ನು ಆಯುಧಶಾಲೆಗೆ ಕಳುಹಿಸುವ ವೇಳೆಗೆ ಅದರಲ್ಲಿ ಮಾಚಲೆಯದೆಂದು ಉಳಿದದ್ದು ಗುಂಡಿಗಳು ಮಾತ್ರ. ತಾನು ಮಂತ್ರಿಗೆ ಕೊಟ್ಟ ಮಾತು ಅವನಿಗೆ ನೆನಪಾದದ್ದು ಊಟಕ್ಕೆ ಕುಳಿತಾಗ.

ಯುದ್ಧದಲ್ಲಿ ಬಾಣವೊಂದು ಬೀಚರಸನ ಎಡ ಎದೆಗೇ ತಗುಲಿ ಹತ್ತಿಯಲ್ಲಿ ಸಿಕ್ಕಿಕೊಂಡು ನಿಂತಿತು. ಗೆದ್ದು ಬಂದವನು ತುಂಬಿದ ಆಸ್ಥಾನದಲ್ಲಿ ಕವಚವನ್ನು ಅರಸು ಧವಳದೇವನ ಮುಂದಿಟ್ಟನು. ಅರಸನು ಮಾಚಲೆಯನ್ನು ಕರೆಸಿ ಚಿನ್ನದ ಕಡಗ ತರಿಸಿದನು. ಸಂಕೋಜ ಕಂಬವೊಂದನ್ನು ಹಿಡಿದು ನಿಂತಿದ್ದ.

ಮಾಚಲೆ ಕವಚವನ್ನು ತಿರುಗಿಸಿ ನೋಡಿದಳು. ಅವಳ ಮುಖ ಕೆಂಪಾಯಿತು.

"ಪ್ರಭು, ಇದು ನನ್ನ ಹೊಲಿಗೆಯಲ್ಲ. ಯಾರೋ ನನ್ನ ಕೆಲಸವನ್ನು ಬಿಚ್ಚಿದ್ದಾರೆ. ಯಾರೆಂದು ತಿಳಿಯಬೇಕು ನನಗೆ!"

ಅವಳಿಗೂ ಸಾಕಷ್ಟು ಅಭಿಮಾನವಿತ್ತು. ನಾಕಿಮಯ್ಯನು ನಸುನಕ್ಕು ಎದ್ದು ನಿಂತನು.

"ಪ್ರಭುಗಳು ಚಿಂತಿಸಬೇಕಾಗಿಲ್ಲ. ದಾರಿಯಲ್ಲಿ ಎಲ್ಲೋ ಹರಿದಿರಬೇಕು. ಪಾಳೆಯದ ಕೇತೋಜ ಸರಿಮಾಡಿದ್ದಾನೆ. ಕಡಗ ಅವನಿಗೆ ಸಲ್ಲಲಿ."

ಉಪಾಯ ಚೆನ್ನಾಗಿಯೇ ಇತ್ತು. ಸಂಕೋಜ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ತಲೆಯೂ ಪದವಿಯೂ ಉಳಿಯುತ್ತಿದ್ದವು. ಕಡಗ ಮಾಚಲೆಗೆ ಹೋಗಿದ್ದರೆ ಅವನು ಹಾಗೆಯೇ ಮಾಡುತ್ತಿದ್ದನೋ ಏನೋ.

"ಕೇತೋಜನೇ?" ಎಂದು ಕಂಬದ ಬಳಿಯಿಂದ ಕೂಗು ಎದ್ದಿತು. "ಗುಡಾರ ಹೊಲಿಯುವ ಕೇತೋಜ! ಅವನ ಹೊಲಿಗೆಯ ನಡುವೆ ಕುದುರೆ ನುಗ್ಗಿ ಹೋಗುತ್ತದೆ! ಪ್ರಭು, ಇದು ನನ್ನ ಕೈಯದು. ಒಂದು ಉದ್ದ, ಒಂದು ಅಡ್ಡ. ಬೇಕಾದರೆ ನೋಡಿ!"

"ನೀನೇಕೆ ಇದನ್ನು ಬಿಚ್ಚಿದೆ?" ಎಂದನು ಅರಸನು.

ಸಂಕೋಜ ಒಮ್ಮೆ ಮಂತ್ರಿಯನ್ನು ನೋಡಿದನು, ಒಮ್ಮೆ ಕವಚವನ್ನು ನೋಡಿದನು. ಒಂದನ್ನು ಹೇಳದೆ ಇನ್ನೊಂದನ್ನು ತನ್ನದೆನ್ನುವಂತಿರಲಿಲ್ಲ. ಎಲ್ಲವನ್ನೂ ಹೇಳಿದನು, ಊಟಕ್ಕೆ ಕುಳಿತದ್ದರವರೆಗೆ.

ನಾಕಿಮಯ್ಯನು ಅಂದೇ ಗಿರಿದುರ್ಗದ ಸೆರೆಗೆ ಹೋದನು. ಪ್ರಾಣಭಯವನ್ನೂ ಲೆಕ್ಕಿಸದೆ ದ್ರೋಹವನ್ನು ಬಯಲಿಗೆಳೆದ ಸಂಕೋಜನ ಸ್ವಾಮಿಭಕ್ತಿಯನ್ನು ಆಸ್ಥಾನಕವಿಗಳು ಕೊಂಡಾಡಿದರು. ಅವನ ಶಿರಶ್ಛೇದ ತಪ್ಪಿತು. ಆದರೂ ಸಂಚಿಗೆ ಒಪ್ಪಿದ ತಪ್ಪಿಗೆ ಪದವಿ ಹೋಯಿತು, ಮಾಚಲೆಗೆ ಸಿಕ್ಕಿತು. ಉಳಿದ ಕಾಲವನ್ನು ಗಡಿಯ ಪಾಳೆಯದಲ್ಲಿ ಕೇತೋಜನ ಕೈಕೆಳಗೆ ಗುಡಾರ ಹೊಲಿಯುತ್ತ ಕಳೆಯಬೇಕೆಂದು ಅರಸನ ಅಪ್ಪಣೆಯಾಯಿತು. ಅರಸನು ದಯಾಳುವೆಂದು ಎಲ್ಲರೂ ಹೇಳಿದರು.

ಅವನು ಹೊರಟ ದಿನ ಮಾಚಲೆ ಕೋಟೆಬಾಗಿಲಿನವರೆಗೆ ಬಂದಳು. ಬುತ್ತಿಯ ಗಂಟನ್ನು ಅವನ ಕೈಗಿಟ್ಟಳು.

"ಮಾವ, ಅಡ್ಡ ಹಾಸದೆ ತಪ್ಪಿದವಳು ನಾನೇ. ನನ್ನನ್ನೇ ಕರೆದು ಬಿಚ್ಚಿಸಿದ್ದರೆ ಆಗುತ್ತಿತ್ತಲ್ಲ? ನೀವೂ ಉಳಿಯುತ್ತಿದ್ದಿರಿ, ದಂಡನಾಯಕರೂ ಉಳಿಯುತ್ತಿದ್ದರು."

"ಕರೆದಿದ್ದರೆ," ಎಂದನು ಸಂಕೋಜ, ಗಂಟನ್ನು ಹೆಗಲಿಗೇರಿಸಿಕೊಳ್ಳುತ್ತ, "ಅದನ್ನು ಹೊಲಿದವಳು ನೀನೇ ಆಗುತ್ತಿದ್ದೆಯಲ್ಲೇ!"