ಮಿಕ್ಕಿದ ಅರ್ಧ ಇಂಚು

"ಇನ್ನೊಂದಿದೆ ಅಜ್ಜಿ! ತೋಳಿನ ಮೇಲೆ!"

ಮೊಮ್ಮಗಳು ಗುಂಡುಸೂಜಿ ಆ ಪಿನ್ನನ್ನೂ ಕಿತ್ತು ಡಬ್ಬಿಗೆ ಹಾಕಿದಳು. ಅಲ್ಲಿಗೆ ಒಂಬತ್ತಾಯಿತು. ಸ್ಕ್ಯಾನ್ ಸೆಂಟರಿನ ಪುಟ್ಟ ಕೋಣೆಯಲ್ಲಿ ಅಜ್ಜಿ ತಾನೇ ಹೊಲಿದುಕೊಂಡಿದ್ದ ಹಳೇ ಗೌನಿನಲ್ಲಿ ಎರಡೂ ಕೈ ಚಾಚಿಕೊಂಡು ನಿಂತಿದ್ದಳು. ಅಜ್ಜಿ ಟೈಲರ್. ಬಟ್ಟೆಗೆ ಸಿಕ್ಕಿಸಿಕೊಂಡ ಪಿನ್ನನ್ನು ನೆನಪಿಟ್ಟು ತೆಗೆಯುವುದು ಅವಳ ಜಾಯಮಾನದಲ್ಲೇ ಇಲ್ಲ. ಮೊಮ್ಮಗಳಿಗೆ ಗುಂಡುಸೂಜಿ ಅಂತ ಅಡ್ಡಹೆಸರು ಇಟ್ಟವಳೂ ಅವಳೇ.

"ಕೊಕ್ಕೆ, ಜಿಪ್ಪು, ಪಿನ್ನು, ಲೋಹದ್ದು ಏನೂ ಇರಬಾರದು," ಎಂದಳು ಸ್ಕ್ಯಾನ್ ಮಾಡುವ ಅಕ್ಕ.

"ಗುಂಡುಸೂಜಿ?"

"ಅದಂತೂ ಬೇಡವೇ ಬೇಡ ಅಜ್ಜಿ."

"ಕೇಳಿಸ್ತೇನೇ? ನೀನು ಹೊರಗೇ ಇರಬೇಕಂತೆ!" ಅಜ್ಜಿ ನಕ್ಕಳು.

ಗುಂಡುಸೂಜಿಗೆ ನಗು ಬರಲಿಲ್ಲ. ಅವಳಿಗೆ ಬೇಗ ಮನೆ ಸೇರಬೇಕಿತ್ತು. "ನಿನ್ನ ತಲೆ ನನ್ನ ಕಿವಿ ಮುಟ್ಟಿದ ದಿನ ಮೆಷಿನ್ ಮೇಲೆ ಹೊಲಿಯೋಕೆ ಬಿಡ್ತೀನಿ," ಎಂದು ಅಜ್ಜಿ ಮಾತು ಕೊಟ್ಟಿದ್ದಳು. ನಿನ್ನೆ ಸಂಜೆ ಮುಟ್ಟಿಯೇ ಬಿಟ್ಟಿತ್ತು! ಪೆನ್ಸಿಲ್ ಪೌಚಿಗೆಂದು ಕೆಂಪು ಬಟ್ಟೆಯನ್ನೂ ಅವಳು ತೆಗೆದಿಟ್ಟಿದ್ದಳು.

ಜೊತೆಗೆ ತಲೆ ಬೆಳಗ್ಗೆಯಿಂದ ಗೊಂದಲದ ಗೂಡಾಗಿತ್ತು. ದಿನಾ ಅಜ್ಜಿಗೆ ಕ್ಯಾಲ್ಸಿಯಂ ಮಾತ್ರೆ ಕೊಡುವುದು ಅವಳ ಡ್ಯೂಟಿ. ನಿನ್ನೆಯಿಂದ ಅಮ್ಮ ಅದನ್ನು ಬಂದ್ ಮಾಡಿಸಿದ್ದಳು. ಮೂಳೆ ಗಟ್ಟಿಯಾಗಲಿ ಅಂತ ಕೊಡುವ ಮಾತ್ರೆ ಮೂಳೆ ಟೆಸ್ಟಿನ ಹೊತ್ತಿಗೇ ಬೇಡವಂತೆ!

"ಪರೀಕ್ಷೆಗೆ ಪುಸ್ತಕ ತಗೊಂಡು ಹೋಗೋಕೆ ಬಿಡ್ತಾರಾ? ಇದೂ ಹಾಗೇ," ಎಂದಿದ್ದಳು ಅಜ್ಜಿ. ಅದೂ ಗುಂಡುಸೂಜಿಗೆ ಪೂರ್ತಿ ತಿಳಿದಿರಲಿಲ್ಲ.

ಕೊನೆಗೆ ಅಜ್ಜಿ ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆದು ಅವಳಿಗೆ ಕೊಟ್ಟಳು. ಅದರ ಎರಡೂ ತುದಿಗೆ ತಗಡು ಇತ್ತು.

"ನಿಮ್ಮ ಎತ್ತರ ಎಷ್ಟು ಅಜ್ಜಿ?" ಅಕ್ಕ ಫಾರಂ ತುಂಬುತ್ತಿದ್ದಳು.

"ಐದಡಿ ಎರಡಿಂಚು. ಬರ್ಕೋಮ್ಮ."

"ಒಂದ್ಸಲ ಈ ಗೋಡೆಗೆ ನಿಂತ್ಕೊಳ್ಳಿ." ಅಕ್ಕ ಅಳತೆಪಟ್ಟಿಯನ್ನು ಬಗ್ಗಿ ನೋಡಿದಳು. "ನಾಲ್ಕಡಿ ಹನ್ನೊಂದೂವರೆ ಇಂಚು."

ಅಜ್ಜಿ ಮುಖ ಗಂಟಿಕ್ಕಿದಳು. "ನಿಮ್ಮ ಪಟ್ಟಿ ಸರಿಯಿಲ್ಲ. ನಲವತ್ತು ವರ್ಷದಿಂದ ಊರಿಗೆಲ್ಲ ಅಳತೆ ತಗೊಂಡವಳು ನಾನು. ಗುಂಡುಸೂಜಿ, ಹಿಡಿಯೇ ಟೇಪು!"

ಟೇಪಿನಲ್ಲಿ ಇದ್ದದ್ದು ಅರವತ್ತು ಇಂಚು. ಅಜ್ಜಿಗೆ ಅದು ಎರಡಿಂಚು ಕಮ್ಮಿ ಬೀಳುತ್ತಿತ್ತು. "ನನ್ನನ್ನ ಅಳೆಯೋ ಟೇಪು ಇನ್ನೂ ಹುಟ್ಟಿಲ್ಲ," ಅನ್ನುವುದು ಅವಳ ಖಾಯಂ ಜಂಬ.

ಅಜ್ಜಿ ಒಂದು ತುದಿಯನ್ನು ಹಿಮ್ಮಡಿಯಲ್ಲಿ ಒತ್ತಿಕೊಂಡಳು. ಗುಂಡುಸೂಜಿ ಸ್ಟೂಲ್ ಹತ್ತಿ ಟೇಪನ್ನು ನೆತ್ತಿಯ ತನಕ ಎಳೆದಳು. ಟೇಪು ನೆತ್ತಿ ಮುಟ್ಟಿತು. ಮುಟ್ಟಿ ಇನ್ನೂ ಮೇಲೆ ಹೋಯಿತು.

"ಎಷ್ಟು ಕಮ್ಮಿ ಬಿತ್ತು?"

"ಮಿಕ್ತು ಅಜ್ಜಿ."

"ಸರಿಯಾಗಿ ಎಳಿ."

ಅವಳು ಮತ್ತೆ ಎಳೆದಳು. ಸುಳ್ಳು ಹೇಳಿಬಿಡಲೇ ಅನ್ನಿಸಿತು. ಆದರೆ ಟೇಪು ಕಣ್ಣೆದುರಿಗೇ ಇತ್ತು. "ಅರ್ಧ ಇಂಚು ಮಿಕ್ತು."

ಅಜ್ಜಿ ಹಿಮ್ಮಡಿ ಎತ್ತಿ ಟೇಪಿನ ತುದಿ ಬಿಟ್ಟಳು.

"ಬೆನ್ನುಮೂಳೆ ಸವೆದರೆ ಎತ್ತರ ಕಮ್ಮಿ ಆಗಬಹುದು ಅಜ್ಜಿ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋಕೇ ಈ ಸ್ಕ್ಯಾನ್," ಅಕ್ಕ ಮೆಲ್ಲಗೆ ಹೇಳಿದಳು. "ಬನ್ನಿ, ನೋವಾಗಲ್ಲ. ಗೌನ್ ಎತ್ತಿ ಹಿಡ್ಕೊಳ್ಳಿ, ನೆಲ ಗುಡಿಸ್ತಿದೆ. ಎಡವಿ ಬಿದ್ದು ಮೂಳೆ ಮುರ್ಕೊಂಡೀರ!"

"ಬಟ್ಟೆ ಜಗ್ಗಿದೆ," ಅಂದಳು ಅಜ್ಜಿ, ಸಣ್ಣ ದನಿಯಲ್ಲಿ.

ಗುಂಡುಸೂಜಿಗೆ ಆಶ್ಚರ್ಯವಾಯಿತು. ಡ್ರೆಸ್ ಬಿಗಿಯಾಯಿತು ಅಂತ ಯಾರಾದರೂ ಜಗಳಕ್ಕೆ ಬಂದರೆ, "ಬಟ್ಟೆ ಕುಗ್ಗಿಲ್ಲಮ್ಮ, ನೀವು ಹಿಗ್ಗಿದ್ದೀರ!" ಅನ್ನುವ ಅಜ್ಜಿ ಇವಳೇನಾ?

ಹೊರಗೆ ನಿಂತ ಗುಂಡುಸೂಜಿಗೆ ಬಾಗಿಲಿನ ಗಾಜಿನಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ಅಜ್ಜಿ ಅಗಲವಾದ ಮಂಚದ ಮೇಲೆ ಮಲಗಿದ್ದಳು. ಕಾಲ ಕೆಳಗೆ ಪೆಟ್ಟಿಗೆಯಂಥ ದಿಂಬು. ಮೆಷಿನ್ನಿನ ಕೈ ಮೈಗೆ ತಾಗದೆ, ಇಸ್ತ್ರಿ ಮಾಡಿದ ಹಾಗೆ, ಮೇಲಿಂದ ಮೇಲೆ ಹೋಗಿ ಬರುತ್ತಿತ್ತು. ಮಲಗಿದ ಅಜ್ಜಿ ತುಂಬಾ ಚಿಕ್ಕವಳಾಗಿ ಕಂಡಳು. ಗುಂಡುಸೂಜಿಗೆ ಭಯವಾಯಿತು.

ಹಾಗಾದರೆ ನಾನು ಬೆಳೆದಿದ್ದೇನಾ, ಇಲ್ಲವಾ? ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಹತ್ತೇ ನಿಮಿಷದಲ್ಲಿ ಎಲ್ಲ ಮುಗಿಯಿತು. ರಿಪೋರ್ಟು ನೋಡಿ ಡಾಕ್ಟರು ಹೇಳುತ್ತಾರಂತೆ.

ಮನೆಗೆ ಬಂದು ಬಟ್ಟೆ ಬದಲಿಸಿ ಅಜ್ಜಿ ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆದಳು. "ಎಲ್ಲೇ ನಿನ್ನ ಕೆಂಪು ಬಟ್ಟೆ?"

"ಅಜ್ಜಿ, ನಾನು ಗೆದ್ದಿಲ್ಲ. ನಿನ್ನ ಕಿವೀನೇ ಕೆಳಗೆ ಬಂದಿದೆ."

ಅಜ್ಜಿ ತನ್ನ ಕಿವಿ ಮುಟ್ಟಿ ನೋಡಿಕೊಂಡಳು. "ನೀನು ಅರ್ಧ ದಾರಿ ಬಂದೆ, ನಾನು ಅರ್ಧ ದಾರಿ ಬಂದೆ. ಕೊಟ್ಟ ಮಾತು ಕೊಟ್ಟ ಮಾತೇ. ಕೂತ್ಕೋ."

ಗುಂಡುಸೂಜಿ ಕೆಂಪು ಬಟ್ಟೆಯನ್ನು ಕಪಾಟಿನಲ್ಲೇ ಬಿಟ್ಟಳು. ಗೂಟದಲ್ಲಿ ತೂಗುತ್ತಿದ್ದ ಅಜ್ಜಿಯ ಗೌನ್ ತಂದು ಮೆಷಿನ್ನಿನ ಮೇಲೆ ಹರಡಿದಳು.

"ಅದ್ಯಾಕೇ?"

"ಬಟ್ಟೆ ಜಗ್ಗಿದೆಯಲ್ಲ ಅಜ್ಜಿ, ಅಂಚು ಮಡಚಿ ಹೊಲೀತೀನಿ."

"ಎಷ್ಟು ಜಗ್ಗಿದೆ?"

"ಎರಡೂವರೆ ಇಂಚು."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿ ತೆರೆದು, ಒಂಬತ್ತು ಪಿನ್ನುಗಳನ್ನೂ ಒಂದೊಂದಾಗಿ ಮಡಿಕೆಗೆ ಸಿಕ್ಕಿಸಿಕೊಟ್ಟಳು.

"ನಿಧಾನ ತುಳಿ," ಎಂದಳು.