ಕದೇಶ ಎಂಬ ಹೆಸರು

ಊರಿಗೊಬ್ಬ ಅರಸ, ಬಾವಿಗೊಬ್ಬ ದೇವರು ಇದ್ದ ಕಾಲ. ಮರಳುಗಾಡಿನ ಅಂಚಿನಲ್ಲಿ ಒಂದು ರಾಜ್ಯವಿತ್ತು. ಅಲ್ಲಿಯವರ ಮಾತಿನಲ್ಲಿ ಕದೇಶ ಎಂದರೆ ಪವಿತ್ರ. ಬೇರೆಯಾಗಿ ಇಟ್ಟದ್ದು ಎಂದೂ ಅರ್ಥ. ಈ ಎರಡನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಾಂತ್ರಿಕ ಅಜ್ಮೂನ್ ಯಾವುದಕ್ಕೆ ಆ ಹೆಸರಿಟ್ಟರೂ ಅದನ್ನು ಮುಟ್ಟಲು ಆಗುತ್ತಿರಲಿಲ್ಲ. ಕೈ ಚಾಚಿದಷ್ಟೂ ದೂರ ಸರಿಯುತ್ತಿತ್ತು. ಮೊದಲು ಬಾವಿಗಿಟ್ಟ. ಜನ ಭಕ್ತಿಯಿಂದ ಬಾಯಾರಿದರು. ಆಮೇಲೆ ಒಂದು ಸಿಂಹಕ್ಕಿಟ್ಟ. ಮೂರನೆಯ ಸಲ ಆ ಹೆಸರಿಡಲು ಆಡು ಕಾಯುವ ಆರಿಷಾಳ ಎರಡು ವರ್ಷದ ಮಗಳನ್ನು ಕೊಡೆಂದು ಕೇಳಿದ. ಆರಿಷಾ ಹಿಗ್ಗಿ ಒಪ್ಪಿದಳು. ನೆರೆಯವರು ಪುಣ್ಯವಂತೆ ಎಂದರು. ಅಂದಿನಿಂದ ಮಗು ಅವಳ ತೋಳಿಗೆ ಸಿಗಲಿಲ್ಲ. ಅಜ್ಮೂನನ ಹಿಂದೆ ನಡೆದು ಬೆಟ್ಟದ ಗುಡಿ ಸೇರಿತು.

ಹತ್ತು ವರ್ಷ ಹೆಮ್ಮೆಪಟ್ಟು ಸಾಕಾದ ಮೇಲೆ ಆರಿಷಾ ಮಗಳನ್ನು ತರಲು ಹೊರಟಳು.

ದಾರಿಯಲ್ಲಿ ಬಾವಿ. ಕೆರ ಬಿಚ್ಚಿ, ಕೈಮುಗಿದು ಮೆಟ್ಟಿಲಿಳಿದಳು. ನೀರು ಕೆಳಗೆ ಸರಿಯಿತು. ಮತ್ತೆ ಕೈಮುಗಿದಳು, ಮತ್ತೆ ಸರಿಯಿತು. ಸಿಟ್ಟು ಬಂತು. ಆಡಿನ ಹಿಕ್ಕೆ ಮೆತ್ತಿದ ಕೆರ ಮೆಟ್ಟಿಕೊಂಡೇ ಇಳಿದಳು. ನೀರು ನಿಂತಿತು. ಕುಡಿದಳು.

ಮುಂದೆ ಸಿಂಹ. ಅವಳು ಬಗ್ಗಿದಷ್ಟೂ ಅದು ಬೆಳೆದು ದಾರಿ ಮುಚ್ಚಿತು. ಅವಳು ನಾಯಿಯನ್ನು ಗದರುವ ಹಾಗೆ ಹಚಾ ಎಂದು ಗದರಿ ಒಂದು ಎಲುಬು ಎಸೆದಳು. ಅದು ಬರಿಯ ಸಿಂಹದ ಅಳತೆಗೆ ಇಳಿದು, ಎಲುಬು ಕಚ್ಚಿಕೊಂಡು ಹೋಯಿತು.

ಗುಡಿಯಲ್ಲಿ ಮಗಳು ಬಿಳಿ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು.

ಅಜ್ಮೂನ್ ನಕ್ಕ. “ಇವಳ ಹಳೆಯ ಹೆಸರು ಹೇಳಿ ಕರೆದುಕೊಂಡು ಹೋಗು, ತಾಯಿ.”

ಆರಿಷಾಳಿಗೆ ನೆನಪಾಗಲಿಲ್ಲ. ಹತ್ತು ವರ್ಷ ಊರೆಲ್ಲ ನನ್ನ ಕದೇಶ, ನನ್ನ ಕದೇಶ ಎಂದು ಹೇಳಿಕೊಂಡು ತಿರುಗಿದವಳು ಅವಳೇ.

“ಯಾರಮ್ಮ ನೀವು?” ಎಂದಳು ಹುಡುಗಿ. ಅವಳಿಗೆ ಶೀತವಾಗಿ ಮೂಗು ಸೋರುತ್ತಿತ್ತು. ಒರೆಸುವವರು ಯಾರೂ ಇರಲಿಲ್ಲ.

“ಥೂ ಕೊಳಕಿ,” ಎಂದಳು ಆರಿಷಾ, ಅಳುತ್ತಾ. “ಇಲ್ಲಿ ಬಾ, ಮೂಗು ಒರೆಸ್ತೀನಿ.”

ಸೆರಗು ಮೂಗಿಗೆ ತಾಗಿತು. ಹೆಸರು ಕಳಚಿ ಬಿತ್ತು. ಆ ಹೆಸರನ್ನೇ ತಿಂದು ಬದುಕಿದ್ದ ಅಜ್ಮೂನ್ ಒಂದು ಹಿಡಿ ಬೂದಿಯಾದ.

ಜನ ಬಾವಿಯಲ್ಲಿ ಬಟ್ಟೆ ಒಗೆದರು, ಜಗಳವಾಡಿದರು, ನೀರು ಕುಡಿದರು. ರಾಜ್ಯ ಸುಖವಾಗಿತ್ತು.

ಆರಿಷಾ ಮಗಳನ್ನು ಅಪ್ಪಿಕೊಂಡಳು. ಹುಡುಗಿಯ ತೋಳುಗಳು ನೇತಾಡುತ್ತಿದ್ದವು. ಅವನ್ನು ಎಲ್ಲಿಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ತಾಯಿ ಒಂದನ್ನು ಹಿಡಿದು ತನ್ನ ಬೆನ್ನ ಮೇಲಿಟ್ಟುಕೊಂಡಳು. ಬಿಟ್ಟ ಕೂಡಲೇ ಅದು ಜಾರಿತು.

ಮತ್ತೆ ಇಟ್ಟುಕೊಂಡಳು.